ಲೋಹ ಅದೇ, ಹಿಡಿತ ಬೇರೆ

ಹೈಡ್ರೋಜನ್ ಪೆರಾಕ್ಸೈಡಿಗೆ ಕಬ್ಬಿಣದ ಫೆರಸ್ ಲವಣ ಬಿದ್ದರೆ ಏನಾಗುತ್ತೆ ಗೊತ್ತಾ? ಗುಳ್ಳೆ ಏಳುತ್ತೆ, ದ್ರಾವಣ ಹಳದಿಗೆ ತಿರುಗುತ್ತೆ, ಆಮೇಲೆ ತುಕ್ಕಿನ ಬಣ್ಣ. ಒಳಗೆ ಹುಟ್ಟಿದ ಹೈಡ್ರಾಕ್ಸಿಲ್ ರಾಡಿಕಲ್ ಅನ್ನೋ ಚುರುಕು ತುಣುಕು ಸಿಕ್ಕಿದ್ದನ್ನೆಲ್ಲ ಕಚ್ಚುತ್ತೆ. ರಸಾಯನಶಾಸ್ತ್ರಜ್ಞ ಫೆಂಟನ್ 1894ರಲ್ಲೇ ವರದಿ ಮಾಡಿದ ಕ್ರಿಯೆ ಇದು.

ಅದೇ ಕಬ್ಬಿಣ ನಮ್ಮ ಯಕೃತ್ತಿನ ಸೈಟೋಕ್ರೋಮ್ ಪಿ450 ಕಿಣ್ವದೊಳಗೆ ಕೂತಾಗ ನೋಡಿ. ಅಣುವಿನಲ್ಲಿ ಹತ್ತಾರು ಇಂಗಾಲ–ಹೈಡ್ರೋಜನ್ ಬಂಧಗಳಿದ್ದರೂ ತನಗೆ ಬೇಕಾದ ಜಾಗ ಹುಡುಕಿ ಅಲ್ಲಿಗೆ ಆಮ್ಲಜನಕ ಸೇರಿಸುತ್ತೆ. ಲೋಹ ಬದಲಾಗಿಲ್ಲ, ಅದನ್ನು ಹಿಡಿದುಕೊಂಡವರು ಬದಲಾಗಿದ್ದಾರೆ.

ಈ ಹಿಡಿತವನ್ನು ಫ್ಲಾಸ್ಕಿನಲ್ಲಿ ಕಟ್ಟೋದಕ್ಕೆ ಹೊರಟ ರಸಾಯನಶಾಸ್ತ್ರಜ್ಞರನ್ನು ನಾನು ತುಂಬಾ ಗೌರವಿಸ್ತೀನಿ. ಇಡೀ ಪ್ರೋಟೀನ್ ಬೇಕಿಲ್ಲ ಅಂತ ಅವರು ತೋರಿಸಿಕೊಟ್ಟರು. ನಾಲ್ಕು ನೈಟ್ರೋಜನ್‌ಗಳಿಂದ ಕಬ್ಬಿಣವನ್ನು ಹಿಡಿದು, ಪಕ್ಕಪಕ್ಕದಲ್ಲೇ ಎರಡು ಜಾಗ ತೆರವು ಬಿಡುವ ಪುಟ್ಟ ಲಿಗ್ಯಾಂಡ್ (ಲೋಹವನ್ನು ಹಿಡಿದುಕೊಳ್ಳೋ ಅಣು) ಸಾಕು; ಪೆರಾಕ್ಸೈಡ್ ಬಂದು ಕೂರೋದು ಅಲ್ಲೇ. ಮಿನ್ನೆಸೋಟ ವಿಶ್ವವಿದ್ಯಾಲಯದ ಲಾರೆನ್ಸ್ ಕ್ವೆ ಮತ್ತು ಸಂಗಡಿಗರು 2003ರಲ್ಲಿ, ಹೀಮ್ (ಪಿ450ಯಲ್ಲಿ ಕಬ್ಬಿಣವನ್ನು ಹಿಡಿದಿರೋ ಉಂಗುರ) ಇಲ್ಲದ ಇನ್ನೊಂದು ಸಂಕೀರ್ಣದಲ್ಲಿ, ಕಬ್ಬಿಣ(4)–ಆಕ್ಸೋದ, ಅಂದರೆ ಆಮ್ಲಜನಕವನ್ನು ಹೊತ್ತ ಚುರುಕು ಕಬ್ಬಿಣದ, ಹರಳು ರಚನೆಯನ್ನೇ ಬಿಡಿಸಿಟ್ಟರು. ಮೈನಸ್ 40 ಡಿಗ್ರಿಯ ಅಸಿಟೋನೈಟ್ರೈಲ್ ದ್ರಾವಕದಲ್ಲಿ ಅದಕ್ಕೆ ತಿಳಿಹಸಿರು ಬಣ್ಣ. ಕಿಣ್ವದೊಳಗೆ ಕ್ಷಣಮಾತ್ರ ಬದುಕೋ ಜಾತಿಯದನ್ನು ಕಣ್ಣಿಗೆ ಕಾಣೋ ಹಾಗೆ ನಿಲ್ಲಿಸಿದ್ದು ಸಣ್ಣ ಮಾತಲ್ಲ.

ಆದರೆ ನನ್ನದೊಂದು ತಕರಾರಿದೆ. ಈ ಕ್ಷೇತ್ರದ ಎಷ್ಟೋ ಪ್ರಯೋಗಗಳಲ್ಲಿ ಒಂದು ಪಾಲು ಕಬ್ಬಿಣಕ್ಕೆ ಹತ್ತು ಪಾಲು ಪೆರಾಕ್ಸೈಡ್, ಸಾವಿರ ಪಾಲು ಮೂಲವಸ್ತು (ಆಮ್ಲಜನಕ ಸೇರಿಸಬೇಕಾದ ಅಣು)! ಇಳುವರಿ ಲೆಕ್ಕ ಹಾಕೋದು ಪೆರಾಕ್ಸೈಡಿನ ಮೇಲೆ. ಕ್ರಿಯೆಯ ದಾರಿ ತಿಳಿಯೋದಕ್ಕೆ ಅದು ಸರಿ. ಆದರೆ ಕಷ್ಟಪಟ್ಟು ಹತ್ತು ಹಂತದಲ್ಲಿ ಮಾಡಿದ ಔಷಧದ ಅಣುವನ್ನು ಸಾವಿರ ಪಾಲು ಯಾರು ಸುರಿಯುತ್ತಾರೆ? ಇಲಿನಾಯ್ಸ್‌ನ ಕ್ರಿಸ್ಟಿನಾ ವೈಟ್ 2007ರಲ್ಲಿ ಕಬ್ಬಿಣ–ಪಿಡಿಪಿ ಅನ್ನೋ ಕ್ರಿಯಾವರ್ಧಕದ ಮೂಲಕ ಈ ಲೆಕ್ಕವನ್ನು ತಿರುಗಿಸಿದರು: ಮೂಲವಸ್ತುವೇ ಮಿತ, ಇಳುವರಿ ಅದರ ಮೇಲೆ. ಅಲ್ಲೂ ಕ್ರಿಯಾವರ್ಧಕವನ್ನು ಶೇ. 5ರಂತೆ ಮೂರು ಸಲ ಹಾಕಬೇಕಾಯಿತು, ಯಾಕೆಂದರೆ ಅದು ನಡುವೆಯೇ ಸೋಲುತ್ತಿತ್ತು.

ನನ್ನ ಕುತೂಹಲವೆಲ್ಲ ಈ ಸೋಲಿನ ಮೇಲೇ. ಲಿಗ್ಯಾಂಡಿನಲ್ಲೂ ಇಂಗಾಲ–ಹೈಡ್ರೋಜನ್ ಬಂಧಗಳಿವೆ. ಕಬ್ಬಿಣ ತನ್ನನ್ನು ಹಿಡಿದ ಕೈಯನ್ನೇ ಸುಡಬಹುದು. ಇಲ್ಲವೇ ಎರಡು ಕಬ್ಬಿಣಗಳು ಆಮ್ಲಜನಕದ ಸೇತುವೆ ಕಟ್ಟಿಕೊಂಡು ಸುಮ್ಮನಾಗಬಹುದು. ಕಿಣ್ವ ಪ್ರೋಟೀನ್ ಗೋಡೆ ಎಬ್ಬಿಸಿ ಅವನ್ನು ದೂರ ಇಡುತ್ತೆ. ನಮ್ಮ ಫ್ಲಾಸ್ಕಿನಲ್ಲಿ ಆ ಗೋಡೆ ಇಲ್ಲ. ಹಾಗಾಗಿ ಇಳುವರಿಯ ಪಕ್ಕದಲ್ಲೇ ಇನ್ನೊಂದು ಸಂಖ್ಯೆ ಬರಲಿ ಅಂತೀನಿ: ಕ್ರಿಯಾವರ್ಧಕ ಸಾಯೋ ಮೊದಲು ಎಷ್ಟು ಸುತ್ತು ಓಡಿತು, ಸತ್ತದ್ದು ಹೇಗೆ.