15 ವರ್ಷದ ಅಂತರ

ಕೇಳುಗರಿಗೆ ನಮಸ್ಕಾರ.

ಒಂದು ಸಣ್ಣ ಲೆಕ್ಕದಿಂದ ಶುರು ಮಾಡುತ್ತೇನೆ. ಅವಳಿಗೆ 28, ಅವನಿಗೆ 43. ನಡುವೆ 15 ವರ್ಷ. ಇಬ್ಬರೂ ದುಡಿಯುತ್ತಾರೆ, ಓಡಾಡುತ್ತಾರೆ, ರಾತ್ರಿಯಿಡೀ ಮಾತಾಡುತ್ತಾರೆ. ಅಂತರ ಅನ್ನುವುದು ನೆನಪಿಗೇ ಬರುವುದಿಲ್ಲ. ಇನ್ನು 17 ವರ್ಷ ಕಳೆಯಲಿ. ಅವಳಿಗೆ 45, ಕೈತುಂಬ ಕೆಲಸ. ಅವನಿಗೆ 60, ಈಗಷ್ಟೇ ರಿಟೈರ್ ಆಗಿದ್ದಾನೆ. ಅವಳು ಬೆಳಿಗ್ಗೆ ಚಪ್ಪಲಿ ಮೆಟ್ಟುವ ಹೊತ್ತಿಗೇ ಅವನಿಗೆ ಮಾತಾಡುವ ಆಸೆ. ಅಂತರ ಅದೇ 15. ಒಂದು ದಿನವೂ ಜಾಸ್ತಿ ಆಗಿಲ್ಲ. ಆದರೆ ಈಗ ಅದು ಮನೆಯೊಳಗೆ ಬಂದು ಕೂತಿದೆ.

ಹೊರಗಿನವರು ನೋಡುವುದು ಇದನ್ನಲ್ಲ. ಜೋಡಿ ಹೇಗೆ ಕಾಣುತ್ತದೆ, ಅಷ್ಟೇ. ಅದರಲ್ಲೂ ಹೆಂಡತಿ ದೊಡ್ಡವಳಾದರೆ ಮುಗೀತು. 2017ರಲ್ಲಿ ಇಮ್ಯಾನ್ಯುಯೆಲ್ ಮ್ಯಾಕ್ರನ್ ಫ್ರಾನ್ಸಿನ ಅಧ್ಯಕ್ಷರಾದಾಗ, ಹೆಂಡತಿ ಬ್ರಿಜಿತ್ 24 ವರ್ಷ ದೊಡ್ಡವರು ಅನ್ನುವುದೇ ಸುದ್ದಿ. ಅದೇ ವರ್ಷ ಅಮೆರಿಕದ ಅಧ್ಯಕ್ಷರಾದ ಟ್ರಂಪ್ ಅವರಿಗೂ ಹೆಂಡತಿಗೂ ಹೆಚ್ಚುಕಡಿಮೆ ಅಷ್ಟೇ ಅಂತರ. ಅಲ್ಲಿ ಗಂಡ ದೊಡ್ಡವರು ನೋಡಿ, ಅಷ್ಟಾಗಿ ಯಾರೂ ಮಾತೆತ್ತಲಿಲ್ಲ. ಹಾಗಂತ ಮ್ಯಾಕ್ರನ್ ಕಥೆಯಲ್ಲಿ ಕೇಳುವಂಥದ್ದು ಏನೂ ಇಲ್ಲ ಅಂತಲ್ಲ. ಪರಿಚಯ ಆದಾಗ ಅವರು ಶಾಲೆಯ ಹುಡುಗ, ಆಕೆ ಅಲ್ಲಿನ ಟೀಚರ್. 15ಕ್ಕೂ 39ಕ್ಕೂ ಅಂತರ 24. 40ಕ್ಕೂ 64ಕ್ಕೂ 24. ಎರಡೂ ಒಂದೇ ಅಲ್ಲ, ಅಲ್ವಾ? ಮೊದಲನೆಯದರಲ್ಲಿ ಇಬ್ಬರ ಮಾತಿಗೂ ಒಂದೇ ತೂಕ ಇರುವುದಿಲ್ಲ.

ಈ ತೂಕದ ತಕರಾರು ಬೆಳೆದು ದೊಡ್ಡವರಾದ ಮೇಲೂ ಪೂರ್ತಿ ಹೋಗುವುದಿಲ್ಲ. ಮನೆ ಒಬ್ಬರ ಹೆಸರಲ್ಲಿ, ದುಡ್ಡು ಅವರ ಕೈಯಲ್ಲಿ, "ನಿನಗಿನ್ನೂ ಗೊತ್ತಾಗಲ್ಲ ಬಿಡು" ಅನ್ನುವುದೂ ಅವರ ಬಾಯಲ್ಲೇ. ನನ್ನ ಕೇಳಿದರೆ, ವಯಸ್ಸಿಗಿಂತ ಈ ಒಂದು ಮಾತು ಹೆಚ್ಚು ಸಂಸಾರ ಕೆಡಿಸುತ್ತದೆ.

ಆಸ್ಟ್ರೇಲಿಯಾದಲ್ಲಿ ಸಾವಿರಾರು ಮನೆಗಳಿಂದ 13 ವರ್ಷ ಕಲೆಹಾಕಿದ ಮಾಹಿತಿಯ ಮೇಲೆ 2018ರಲ್ಲಿ ಒಂದು ಅಧ್ಯಯನ ಬಂತು. ತಮಗಿಂತ ಚಿಕ್ಕವರನ್ನು ಮದುವೆಯಾದವರು, ಗಂಡಾಗಲಿ ಹೆಣ್ಣಾಗಲಿ, ಮೊದಮೊದಲು ಹೆಚ್ಚು ಖುಷಿಯಾಗಿದ್ದರು. 6ರಿಂದ 10 ವರ್ಷದೊಳಗೆ ಆ ಹೆಚ್ಚಿನ ಖುಷಿ ಕರಗಿತ್ತು. ದುಡ್ಡಿನ ತಾಪತ್ರಯ ಬಂದಾಗ ಇಂಥ ಜೋಡಿಗಳಿಗೆ ಪೆಟ್ಟೂ ಜಾಸ್ತಿ. ಇದು ಸರಾಸರಿ ಲೆಕ್ಕ, ಯಾರ ಹಣೆಬರಹವೂ ಅಲ್ಲ.

ಮತ್ತೆ ನಮ್ಮ ಜೋಡಿಗೆ ಬರೋಣ. ಮಕ್ಕಳ ವಿಷಯ ಅವರು ಮಾತಾಡಿರುತ್ತಾರೆ. ಮಾತಾಡದೆ ಉಳಿಯುವುದು ಬೇರೆ. ಅವನಿಗೆ 75 ಆಗಿ ಮಂಡಿ ಕೈಕೊಟ್ಟಾಗ ಅವಳಿಗೆ 60. ಆಗಷ್ಟೇ ಬಿಡುವು ಸಿಕ್ಕಿದೆ, ಊರೂರು ಸುತ್ತುವ ಆಸೆ. ಒಬ್ಬಳೇ ಹೊರಡಬಹುದಾ? ಕಾಲು ಗಟ್ಟಿ ಇರುವಾಗಲೇ ಅವನು ಇದನ್ನು ಕೇಳಲಿ. "ಹೂಂ, ನೀನು ಮನೆ ನೋಡ್ಕೊ, ನಾನು ಫೋಟೊ ಕಳಿಸ್ತೀನಿ" ಅಂತ ಅವಳೂ ಹೇಳಿ, ಅವನ ಮುಖ ಹೇಗಾಗುತ್ತದೆ ನೋಡಲಿ.

ನಮಸ್ಕಾರ.