ಮೊದಲ ಪ್ರೋಗ್ರಾಮಿಂಗ್ ಕೋರ್ಸ್: ಬರೆಸುವ ಮುನ್ನ ಓದಿಸಿ

ನಮಸ್ಕಾರ. ವಿಶ್ವವಿದ್ಯಾಲಯಕ್ಕೆ ಕಂಪ್ಯೂಟರ್ ವಿಜ್ಞಾನದ ಮೊದಲ ಕೋರ್ಸ್ ರೂಪಿಸಲು ಕುಳಿತರೆ ಚರ್ಚೆ ಬೇಗನೆ ಒಂದು ಕಡೆ ಸಿಕ್ಕಿಕೊಳ್ಳುತ್ತದೆ: ಯಾವ ಪ್ರೋಗ್ರಾಮಿಂಗ್ ಭಾಷೆ, ಸಿ ಕಲಿಸೋಣವೇ, ಜಾವಾವೇ, ಪೈಥಾನೇ? ಪೈಥಾನ್ ಇರಲಿ, ಸಾಲುಗಳು ಚಿಕ್ಕವು. ನನಗೆ ಅದಕ್ಕಿಂತ ದೊಡ್ಡದೆನಿಸುವ ಪ್ರಶ್ನೆ ಬೇರೆ ಇದೆ: ಪ್ರೋಗ್ರಾಂ ಬರೆಸುವ ಮುನ್ನ ಅದನ್ನು ಓದಲು ಕಲಿಸುತ್ತೇವೆಯೇ?

[ಪರದೆಯ ಮೇಲೆ]
ಅ = 5
ಬ = ಅ
ಅ = 7

ಈಗ ‘ಬ’ ಎಷ್ಟು? ವಿಡಿಯೋ ನಿಲ್ಲಿಸಿ ಯೋಚಿಸಿ.

ಉತ್ತರ 5. ಹೊಸಬರಲ್ಲಿ ಕೆಲವರು 7 ಎನ್ನುತ್ತಾರೆ, ಅದು ದಡ್ಡತನವಲ್ಲ. ಶಾಲೆಯ ಗಣಿತದಲ್ಲಿ ‘=’ ಚಿಹ್ನೆಯೆಂದರೆ ಎಡವೂ ಬಲವೂ ಸದಾ ಸಮ. ಇಲ್ಲಿ ಅದೊಂದು ಆಜ್ಞೆ: ಬಲಬದಿಯ ಬೆಲೆಯನ್ನು ಈ ಕ್ಷಣ ನೋಡಿ ಎಡಬದಿಯ ಹೆಸರಿಗೆ ಕೊಡು. ಆಮೇಲೆ ‘ಅ’ ಬದಲಾದರೂ ‘ಬ’ ಅದರ ಹಿಂದೆ ಓಡುವುದಿಲ್ಲ. ಇಷ್ಟು ತಿಳಿಯದೆ ಲೂಪ್‌ಗೆ, ಅಂದರೆ ಅದೇ ಸಾಲುಗಳನ್ನು ಮತ್ತೆ ಮತ್ತೆ ಓಡಿಸುವ ಆಜ್ಞೆಗೆ, ಕಾಲಿಟ್ಟವರು ಮುಂದಿನದ್ದನ್ನೆಲ್ಲ ಬಾಯಿಪಾಠ ಮಾಡತೊಡಗುತ್ತಾರೆ.

2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನಾಲ್ಕು ವಿಶ್ವವಿದ್ಯಾಲಯಗಳ 216 ವಿದ್ಯಾರ್ಥಿಗಳಿಗೆ ಕ್ಯಾಲ್ಕುಲೇಟರ್‌ನಂಥ ಪ್ರೋಗ್ರಾಂ ಬರೆಯಲು ಕೊಟ್ಟರು. 110 ಅಂಕಗಳಿಗೆ ಸರಾಸರಿ ಬಂದದ್ದು 22.89. ಈ ವಿದ್ಯಾರ್ಥಿಗಳಿಗೆ ಸಮಸ್ಯೆ ಬಿಡಿಸುವ ಶಕ್ತಿಯೇ ಇಲ್ಲವೆಂದು ಹಲವರು ಭಾವಿಸಿದರು. 2004ರಲ್ಲಿ ಸಂಶೋಧಕ ರೇಮಂಡ್ ಲಿಸ್ಟರ್ ಮತ್ತು ಸಹೋದ್ಯೋಗಿಗಳು ಇನ್ನೂ ಕೆಳಗಿನ ಮೆಟ್ಟಿಲನ್ನು ಪರೀಕ್ಷಿಸಿದರು: ಚಿಕ್ಕ ಕೋಡ್ ಕೊಟ್ಟು, ಇದು ಓಡಿದರೆ ಏನು ಬರುತ್ತದೆ ಎಂದು ಕೇಳಿದರು. ಅಲ್ಲಿಯೂ ಅನೇಕರು ಎಡವಿದರು. ಓದಲು ಬಾರದವರಿಂದ ನಾವು ಬರೆಸಲು ಹೊರಟಿದ್ದೇವೆ!

ಹಾಗಾಗಿ ಮೊದಲ ವಾರಗಳಲ್ಲಿ ಪೆನ್ಸಿಲ್ ಹಿಡಿಸಿ. ಪ್ರತಿ ಸಾಲು ಮುಗಿದಾಗ ಯಾವ ಹೆಸರಿನಲ್ಲಿ ಯಾವ ಬೆಲೆಯಿದೆ ಎಂಬುದನ್ನು ಕೋಷ್ಟಕದಲ್ಲಿ ಬರೆಸಿ. ನಂತರ ಸಾಲುಗಳನ್ನು ಕಲಸಿ ಕೊಟ್ಟು ಸರಿಯಾದ ಕ್ರಮಕ್ಕೆ ಜೋಡಿಸಲು ಹೇಳಿ. 2006ರಲ್ಲಿ ಡೇಲ್ ಪಾರ್ಸನ್ಸ್ ಮತ್ತು ಪೆಟ್ರೀಷಿಯಾ ಹೇಡನ್ ಪರಿಚಯಿಸಿದ ಈ ಅಭ್ಯಾಸಕ್ಕೆ ಪಾರ್ಸನ್ಸ್ ಪ್ರಾಬ್ಲಮ್ ಎಂದೇ ಹೆಸರು. ಚಿಹ್ನೆಯೊಂದು ಬಿಟ್ಟುಹೋದ ದೋಷ ಹುಡುಕುತ್ತಾ ಗಂಟೆ ಕಳೆಯುವ ಕಷ್ಟ ಇಲ್ಲಿಲ್ಲ. ಗಮನವೆಲ್ಲ ತರ್ಕದ ಮೇಲಿರುತ್ತದೆ. ಖಾಲಿ ಪರದೆ ಇದಾದ ಮೇಲೆ ಬರಲಿ.

ಶಾಲೆಯಲ್ಲೇ ಕೋಡ್ ಬರೆದು ಬಂದವರನ್ನು ಸಾಧ್ಯವಾದರೆ ಬೇರೆ ತರಗತಿಯಲ್ಲಿ ಕೂರಿಸಿ. ಅವರ ಚುರುಕಾದ ಪ್ರಶ್ನೆಗಳನ್ನು ಕೇಳಿ, ತಮಗೆ ಇದು ಒಗ್ಗದೆಂದು ಹೊಸಬರು ಸುಮ್ಮನಾಗಿಬಿಡುತ್ತಾರೆ.

ಎಐ ಕ್ಷಣದಲ್ಲಿ ಕೋಡ್ ಬರೆದುಕೊಡುವಾಗ ಇದೆಲ್ಲ ಏಕೆ ಎನ್ನುವಿರಾ? ಅದು ಬರೆದದ್ದು ಸರಿಯೇ ಎಂದು ಹೇಳಬೇಕಾದವರು ನೀವೇ ತಾನೆ.

ಪರೀಕ್ಷೆಯಲ್ಲೂ ಓದಿಗೆ ಅಂಕವಿಡಿ. ಸಂಖ್ಯೆಗಳ ಪಟ್ಟಿಯ ಮೇಲೆ ಓಡುವ ಲೂಪ್ ಕೊಟ್ಟು, ಇದರ ಕೆಲಸವೇನೆಂದು ಒಂದೇ ವಾಕ್ಯದಲ್ಲಿ ಕೇಳಿ. ‘ಪ್ರತಿ ಸಂಖ್ಯೆಯನ್ನೂ ಹೋಲಿಸುತ್ತದೆ’ ಎಂದವರಿಗೆ ಅರ್ಧ ಅಂಕ. ‘ಅತಿ ದೊಡ್ಡದನ್ನು ಹುಡುಕುತ್ತದೆ’ ಎಂದವರಿಗೆ ಪೂರ್ಣ.