ಹೋದ ವಾರ ತೆಗೆದ ಎಕ್ಸ್‌ರೇ ಎಲ್ಲಿ ಹೋಯ್ತು?

ನಮ್ಮ ಅತ್ತೆಗೆ ಹೋದ ತಿಂಗಳು ದವಡೆ ಹಲ್ಲು ನೋವು. ಜಯನಗರದ ಹತ್ತಿರ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಡಾಕ್ಟರ್ "ಒಂದು ಚಿಕ್ಕ ಎಕ್ಸ್‌ರೇ ತೆಗೆಯೋಣಮ್ಮ" ಅಂದಿದ್ದೇ ತಡ, ಅತ್ತೆ ಬಾಯಿ ಮುಚ್ಚಿಬಿಟ್ಟರು. "ರೇಡಿಯೇಷನ್ ಕಣೋ, ಈ ವಯಸ್ಸಿಗೆ ಬೇಕಾ?" ಹೇಗೋ ಒಪ್ಪಿಸಿದೆ. ಆಮೇಲೆ ಓಪಿಜಿ, ಅಂದರೆ ಇಡೀ ದವಡೆ ಒಂದೇ ಚಿತ್ರದಲ್ಲಿ ಕಾಣುವ ಎಕ್ಸ್‌ರೇಯನ್ನೂ ತೆಗೆದರು. ವಾರ ಬಿಟ್ಟು, ಇನ್ನೊಬ್ಬರನ್ನೂ ಕೇಳೋಣ ಅಂತ ಬೇರೆ ಕಡೆ ಹೋದರೆ ಅಲ್ಲಿ ಮತ್ತೊಂದು ಓಪಿಜಿ! ಹಳೆಯದು ಇದೆಯಾ ಅಂತ ಒಂದು ಮಾತು ಕೇಳಲಿಲ್ಲ. ಅತ್ತೆಯೂ ಸುಮ್ನೆ ಹೋಗಿ ನಿಂತರು.

ನೋಡಿ, ಹೆದರಬೇಕಾದ ಕಡೆ ನಾವು ಹೆದರುವುದಿಲ್ಲ.

ಆ ಚಿಕ್ಕ ಎಕ್ಸ್‌ರೇ ಲೆಕ್ಕ ಕೇಳಿ. ಬಾಯೊಳಗೆ ಸೆನ್ಸರ್ ಇಟ್ಟು ತೆಗೆಯುವ ಒಂದು ಚಿತ್ರಕ್ಕೆ ಸಾಮಾನ್ಯವಾಗಿ 10 ಮೈಕ್ರೋಸೀವರ್ಟ್‌ಗಿಂತ ಕಡಿಮೆ (ಮೈಗೆ ತಗಲುವ ರೇಡಿಯೇಷನ್ನಿನ ಅಳತೆ ಇದು, ಸಾವಿರ ಮೈಕ್ರೋ ಸೇರಿದರೆ ಒಂದು ಮಿಲಿ). ನೆಲ, ಗಾಳಿ, ಆಕಾಶ, ಊಟ ಎಲ್ಲ ಸೇರಿ ನಮಗೆ ಬರುವ ರೇಡಿಯೇಷನ್ ಜಗತ್ತಿನ ಸರಾಸರಿಯಲ್ಲಿ ವರ್ಷಕ್ಕೆ 2.4 ಮಿಲಿಸೀವರ್ಟ್, ಅಂದರೆ ದಿನಕ್ಕೆ 6 ಮೈಕ್ರೋಸೀವರ್ಟ್‌ಗೂ ಸ್ವಲ್ಪ ಜಾಸ್ತಿ. ಲಾಲ್‌ಬಾಗಿನ ಬಂಡೆ ಇದೆಯಲ್ಲ, ಸುಮಾರು 300 ಕೋಟಿ ವರ್ಷ ಹಳೆಯದು, ಅದರೊಳಗಿನ ಪೊಟ್ಯಾಸಿಯಮ್, ಥೋರಿಯಮ್, ಯುರೇನಿಯಮ್ ಕೂಡ ತಮ್ಮ ಪಾಲು ಕೊಡುತ್ತಲೇ ಇರುತ್ತವೆ. ಅತ್ತೆ ಅದರ ಮೇಲೆ ಕೂತೇ ಕಡಲೆಕಾಯಿ ತಿನ್ನುವುದು.

ಮೆಷಿನ್ ಒಳಗೆ ಏನಾಗುತ್ತೆ? ಹಳೇ ಬಲ್ಬಿನಲ್ಲಿದ್ದಂಥ ಟಂಗ್‌ಸ್ಟನ್ ತಂತಿ ಕಾಯುತ್ತದೆ, ಎಲೆಕ್ಟ್ರಾನ್ ಹೊರಗೆ ಬರುತ್ತವೆ, 60-70 ಸಾವಿರ ವೋಲ್ಟ್ ಅವನ್ನು ಎಳೆದು ಎದುರಿನ ಟಂಗ್‌ಸ್ಟನ್‌ಗೆ ಅಪ್ಪಳಿಸುತ್ತದೆ. ಆ ಶಕ್ತಿಯಲ್ಲಿ ನೂರಕ್ಕೆ ಸುಮಾರು 99 ಭಾಗ ಬರೀ ಶಾಖ, ಒಂದೇ ಒಂದು ಭಾಗ ಎಕ್ಸ್‌ರೇ. ಸೆನ್ಸರ್ ತನಕ ಹೋಗಲಾರದೆ ಕೆನ್ನೆಯಲ್ಲೇ ಉಳಿದುಬಿಡುವ ಬಡಕಲು ಕಿರಣಗಳನ್ನು ಅಲ್ಯೂಮಿನಿಯಂ ಹಾಳೆ ಮೊದಲೇ ತಡೆಯುತ್ತದೆ. ಕ್ಯಾಲ್ಸಿಯಂ ಗಟ್ಟಿಯಾಗಿರುವ ಕಡೆ ಕಿರಣ ನಿಲ್ಲುತ್ತದೆ, ಚಿತ್ರದಲ್ಲಿ ಬಿಳಿ. ಹುಳುಕು ಹಿಡಿದ ಕಡೆ ದಾಟುತ್ತದೆ, ಕಪ್ಪು. ಸ್ವಿಚ್ ಬಿಟ್ಟರೆ ಮುಗೀತು, ಕೋಣೆಯಲ್ಲಿ ಏನೂ ಉಳಿಯಲ್ಲ. 1896ರಲ್ಲಿ ಜರ್ಮನಿಯ ಹಲ್ಲಿನ ಡಾಕ್ಟರ್ ವಾಲ್ಕ್‌ಹಾಫ್ ತನ್ನ ಹಲ್ಲಿನ ಚಿತ್ರ ತೆಗೆಯಲು 25 ನಿಮಿಷ ಕೂತಿದ್ದನಂತೆ! ಈಗ ಸೆಕೆಂಡೂ ಬೇಡ.

"ಹಾಗಾದ್ರೆ ಎಕ್ಸ್‌ರೇ ತೆಗೆದ ಆ ಹುಡುಗಿ ಯಾಕೆ ಹೊರಗೆ ಓಡಿದಳು?" ಅಂತ ಅತ್ತೆ ಕೇಳಿದರು. ಒಳ್ಳೇ ಪ್ರಶ್ನೆ. ನಿಮಗೆ ಇದು ಯಾವಾಗಲೋ ಒಂದು, ಅವಳಿಗೆ ದಿನವಿಡೀ ಇದೇ ಕೆಲಸ. ದೂರ ಎರಡರಷ್ಟಾದರೆ ಕಿರಣದ ತೀವ್ರತೆ ಕಾಲು ಭಾಗಕ್ಕೆ ಇಳಿಯುತ್ತದೆ, ಅದಕ್ಕೇ ಎರಡು ಹೆಜ್ಜೆ ಆಚೆ ಹೋಗುವುದು.

ಹಾಗಂತ ಎರಡನೇ ಓಪಿಜಿಯಿಂದ ಅತ್ತೆಗೆ ಏನೋ ಆಗಿಬಿಡುತ್ತೆ ಅಂತ ನಾನು ಹೇಳ್ತಿಲ್ಲ. ಅದರ ಡೋಸೂ ಚಿಕ್ಕದೇ. ಆದರೆ ಉತ್ತರ ಕೈಯಲ್ಲಿರುವಾಗ ಅದೇ ಪ್ರಶ್ನೆಗೆ ಮತ್ತೆ ಡೋಸ್ ಯಾಕೆ, ದುಡ್ಡು ಯಾಕೆ? ಸಿಬಿಸಿಟಿ, ಅಂದರೆ ದವಡೆಯ ತ್ರೀಡಿ ಸ್ಕ್ಯಾನ್ ಬರೆದುಕೊಟ್ಟರಂತೂ ಕೇಳಲೇಬೇಕು, ಅದರ ಡೋಸ್ ಇವೆಲ್ಲಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇರಬಹುದು. ಈ ಚಿತ್ರದಲ್ಲಿ ಏನು ನೋಡಬೇಕು ಡಾಕ್ಟ್ರೇ, ಹಳೆಯದರಲ್ಲಿ ಅದು ಕಾಣಲ್ವಾ? ಇಷ್ಟು ಕೇಳಿದರೆ ಒಳ್ಳೆಯ ಡಾಕ್ಟರ್ ಬೇಜಾರು ಮಾಡಿಕೊಳ್ಳಲ್ಲ.

ಹೊರಡುವಾಗ ಫೈಲ್ ಕೇಳಿ ತಗೊಳ್ಳಿ. ಸ್ಕ್ರೀನಿಗೆ ಮೊಬೈಲ್ ಹಿಡಿದು ಹೊಡೆದ ಫೋಟೋ ಸಾಲದು, ಮೂಲ ಫೈಲೇ ಬೇಕು. ನಾನು ಎರಡು ಸಲ ಫೋನ್ ಮಾಡಿ ತರಿಸಿಕೊಂಡೆ. ಅತ್ತೆ ಅದನ್ನು ಫ್ಯಾಮಿಲಿ ಗ್ರೂಪಿಗೂ ಹಾಕಿದ್ದಾರೆ, ಗುಡ್ ಮಾರ್ನಿಂಗ್ ಜೊತೆ.